ಆಗುವುದು ಒಂದು ದಿನ, ಬಾಳುವುದು ಒಂದು ಆಯುಷ್ಯ



೨೦೨೫ರ ಸೆಪ್ಟೆಂಬರ್ ೨೨ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಆ ದಿನಗಳಲ್ಲಿ ಶ್ರೀಮಠದ ಕಚೇರಿಗೆ ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಧರ್ಮದ ಕಾಲಮ್ಮಿನಲ್ಲಿ ಏನು ಬರೆಸಬೇಕು, ಜಾತಿಯ ಕಾಲಮ್ಮಿನಲ್ಲಿ ಏನು ಬರೆಸಬೇಕು? ಅದರ ಜೊತೆಗೆ ಇನ್ನೊಂದು ಗದ್ದಲವೂ ಎದ್ದಿತು. ಆಯೋಗ ಸಿದ್ಧಪಡಿಸಿದ ಜಾತಿಗಳ ಪಟ್ಟಿಯಲ್ಲಿ ‘ಲಿಂಗಾಯತ ಕ್ರಿಶ್ಚಿಯನ್’, ‘ಕುರುಬ ಕ್ರಿಶ್ಚಿಯನ್’, ‘ಒಕ್ಕಲಿಗ ಕ್ರಿಶ್ಚಿಯನ್’ ಮುಂತಾದ ಹೆಸರುಗಳಿದ್ದವು. ವಿರೋಧ ಪಕ್ಷದವರು ಪ್ರತಿಭಟಿಸಿದರು, ರಾಜ್ಯಪಾಲರು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಕೊನೆಗೆ ಇಂತಹ ೩೩ ಹೆಸರುಗಳನ್ನು ಸಮೀಕ್ಷೆಯ ಆ್ಯಪಿನಲ್ಲಿ ಕಾಣದಂತೆ ಮಾಡಲಾಯಿತು. ಉಚ್ಚ ನ್ಯಾಯಾಲಯವು ಸಮೀಕ್ಷೆಗೆ ತಡೆ ನೀಡಲಿಲ್ಲ. ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು ಎಂದಿತು.

ಗದ್ದಲ ಅಲ್ಲಿಗೆ ತಣ್ಣಗಾಯಿತು. ಆದರೆ ಆ್ಯಪಿನಿಂದ ಮರೆಯಾದ ಹೆಸರಿನ ಹಿಂದೆ ಮನುಷ್ಯರಿದ್ದಾರೆ, ಅವರು ಮರೆಯಾಗಿಲ್ಲ. ಲಿಂಗಾಯತ ಮನೆಯಲ್ಲಿ ಹುಟ್ಟಿದವನೊಬ್ಬ ಕ್ರೈಸ್ತನಾಗುವುದು ಎಂದರೇನು? ಆದ ಮೇಲೆ ಅವನು ಬಾಳುವ ಬಾಳು ಎಂಥದು? ಅವನ ವಿಷಯದಲ್ಲಿ ನಮ್ಮ ಕರ್ತವ್ಯವೇನು? ಈ ಪ್ರಶ್ನೆಗಳನ್ನು ಭಾಷಣಕಾರರಿಗೆ ಬಿಟ್ಟು ನಾವು ಸುಮ್ಮನಿದ್ದೇವೆ. ಭಕ್ತರು ಇವುಗಳ ಬಗ್ಗೆ ಸಮಾಧಾನದಿಂದ ಆಲೋಚಿಸಲೆಂದು ಈ ಬರಹ.

ಜಗಲಿಯ ಮೇಲಿನ ಲಿಂಗ

ಸಮೀಕ್ಷೆಯ ಎರಡನೆಯ ವಾರದಲ್ಲಿ ಖಾನಾಪುರ ತಾಲೂಕಿನ ಒಂದು ಹಳ್ಳಿಯಿಂದ ದಂಪತಿಗಳು ಮಠಕ್ಕೆ ಬಂದರು. ಬಹು ಕಾಲದ ಭಕ್ತರು, ಶ್ರಾವಣದ ಪ್ರವಚನಕ್ಕೆ ಒಂದು ವರ್ಷವೂ ತಪ್ಪದವರು. ಅವರ ಮಗ ಬೆಳಗಾವಿಯಲ್ಲಿ ಕೆಲಸಕ್ಕಿದ್ದಾನೆ, ವಯಸ್ಸು ಮೂವತ್ತು ದಾಟಿದೆ. ಹಿಂದಿನ ವರ್ಷ ಅವನು ಕ್ರೈಸ್ತ ದೀಕ್ಷೆ ಪಡೆದಿದ್ದ. ಗಣತಿಗೆ ಬಂದ ಶಿಕ್ಷಕರು ಮನೆಮಂದಿಯ ಹೆಸರು ಕೇಳಿದಾಗ ಆ ಮನೆಯಲ್ಲಿ ಜಗಳವಾಯಿತು. ಮಗನ ಹೆಸರು ಬೇಡವೆಂದು ತಂದೆ, ಬೇಕೆಂದು ತಾಯಿ.

ತಂದೆ ಬಂದದ್ದು ಬೇರೆ ಉದ್ದೇಶಕ್ಕೆ. “ಮಠದಿಂದ ಒಂದು ಪತ್ರ ಕೊಡ್ರಿ ಸರ. ಪೊಲೀಸರಿಗೆ ಕಂಪ್ಲೇಂಟ್ ಕೊಡ್ತೇನಿ. ನನ್ನ ಮಗನ ತಲಿ ಕೆಡಿಸ್ಯಾರ” ಎಂದರು. ತಾಯಿ ಅದರ ಬಗ್ಗೆ ಏನೂ ಹೇಳಲಿಲ್ಲ. ಪೂಜ್ಯರ ಎದುರು ಕುಳಿತ ಮೇಲೆ ಅವರು ಕೇಳಿದ್ದು ಇಷ್ಟೇ: “ಬುದ್ಧಿ, ಅವ ಹೋಗುವಾಗ ಕೊರಳಾಗಿನ ಲಿಂಗಾ ತಗದು ದೇವರ ಜಗಲಿ ಮ್ಯಾಲ ಇಟ್ಟು ಹೋಗ್ಯಾನ್ರಿ. ದಿನಾ ನೋಡಿದ್ರ ಎದಿ ಝಲ್ ಅಂತೈತಿ. ಅದನ್ನ ಏನ್ ಮಾಡ್ಲಿ?”

ಕಾರ್ಯದರ್ಶಿಯಾಗಿ ನಾನು ಅನೇಕ ಅರ್ಜಿಗಳಿಗೆ ಉತ್ತರ ಬರೆದಿದ್ದೇನೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟಲಿಂಗ ಒಬ್ಬೊಬ್ಬರದೂ ಬೇರೆ. ಗುರುವಿನ ಕೈಯಿಂದ ಶಿಷ್ಯನ ಕೈಗೆ ಬಂದದ್ದು ಅವನ ಅಂಗದ ಮೇಲೆಯೇ ಇದ್ದು ಕೊನೆಗೆ ಅವನೊಂದಿಗೆ ಮಣ್ಣಿಗೆ ಸೇರಬೇಕು. ಒಡೆಯ ಬದುಕಿದ್ದೂ ಜಗಲಿಯ ಮೇಲೆ ಉಳಿದ ಲಿಂಗಕ್ಕೆ ನಮ್ಮ ಆಚಾರದ ಪುಸ್ತಕಗಳಲ್ಲಿ ಜಾಗವಿಲ್ಲ.

ಪೂಜ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಅದು ಅವನದು ತಾಯಿ. ಅದರ ಬಗ್ಗೆ ಅವನೇ ಹೇಳಬೇಕು. ಅವನನ್ನು ಮನೆಗೆ ಕರೀರಿ. ಬರಲಿಕ್ಕೆ ಒಪ್ಪಿದರೆ ಮಠಕ್ಕೂ ಕರಕೊಂಡು ಬರ್ರಿ.” ದೂರಿನ ಪತ್ರದ ಬಗ್ಗೆ ಅವರು ಏನೂ ಅನ್ನಲಿಲ್ಲ. ಅದನ್ನು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾನೂನು ಹೇಳುವುದೇನು?

ಧರ್ಮ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ವಿಧೇಯಕ ವಿಧಾನಸಭೆಯ ಅಂಗೀಕಾರ ಪಡೆದದ್ದು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿಯೇ, ೨೦೨೧ರ ಡಿಸೆಂಬರ್ ೨೩ರಂದು. ೨೦೨೨ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಅದು ಪೂರ್ಣ ಕಾಯಿದೆಯಾಯಿತು. ೨೦೨೩ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟವು ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಈ ಕಾಯಿದೆಯ ಹೆಸರು ಎಲ್ಲರ ಬಾಯಲ್ಲಿದೆ, ಒಳಗೆ ಏನಿದೆ ಎಂದು ಓದಿದವರು ಕಡಿಮೆ.

ಬಲವಂತ, ವಂಚನೆ, ಅನುಚಿತ ಪ್ರಭಾವ, ಆಮಿಷ ಅಥವಾ ಮದುವೆಯ ಭರವಸೆಯಿಂದ ಮತಾಂತರ ಮಾಡುವುದು ಈ ಕಾಯಿದೆಯಂತೆ ಅಪರಾಧ. ಸಾಮಾನ್ಯ ಸಂದರ್ಭದಲ್ಲಿ ಮೂರರಿಂದ ಐದು ವರ್ಷ ಸೆರೆವಾಸ. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿಷಯದಲ್ಲಿ ಅದು ಹತ್ತು ವರ್ಷದವರೆಗೆ ಏರಬಹುದು. ತಂದೆ ತಾಯಿ, ಒಡಹುಟ್ಟಿದವರು, ನೆಂಟರು, ಸಹೋದ್ಯೋಗಿಗಳು ಕೂಡ ದೂರು ಕೊಡಬಹುದು. ಆಮಿಷವಿರಲಿಲ್ಲವೆಂದು ರುಜುವಾತು ಮಾಡುವ ಹೊಣೆ ಆರೋಪಿಯ ಮೇಲಿದೆ. ಮತಾಂತರವಾಗಬಯಸುವವನು ೩೦ ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗಳಿಗೆ ಘೋಷಣೆ ಸಲ್ಲಿಸಬೇಕು, ಆದ ಮೇಲೆ ಮತ್ತೊಂದು ಘೋಷಣೆ ಕೊಡಬೇಕು. ಹಿಂದಿನ ಧರ್ಮಕ್ಕೆ ಮರಳಿದರೆ ಅದು ಮತಾಂತರವೆನಿಸುವುದಿಲ್ಲ.

ಬಲವಂತವನ್ನು ತಡೆಯಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಸಂವಿಧಾನದ ೨೫ನೆಯ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ೧೯೭೭ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಆದರೆ ತಾನಾಗಿ ಮನಸ್ಸು ಬದಲಿಸಿದ ವಯಸ್ಕನೊಬ್ಬನ ವಿಷಯದಲ್ಲಿ ದೂರು ಕೊಟ್ಟರೆ ಆಗುವುದೇನು? ಮಗ ಠಾಣೆಯಲ್ಲಿ ಹೇಳಿಕೆ ಕೊಡಬೇಕು. ಅಪ್ಪ ಹೇಳಿದ್ದು ಸುಳ್ಳೆಂದು ಅವನು ಹೇಳಬೇಕು, ಅಥವಾ ತಾನು ನಂಬಿದವರನ್ನು ಜೈಲಿಗೆ ಕಳಿಸಬೇಕು. ಎರಡರಲ್ಲಿ ಯಾವುದಾದರೂ ಆ ತಾಯಿಗೆ ಮಗ ಸಿಗುವುದಿಲ್ಲ.

ಆ ತಂದೆಗೆ ನಾನು ಇದನ್ನೇ ಹೇಳಿದೆ. “ಯಜಮಾನರ, ಹೆದರಿಸಿ, ರೊಕ್ಕ ಕೊಟ್ಟು, ಮೋಸ ಮಾಡಿ ಕರಕೊಂಡು ಹೋಗಿದ್ದರೆ ದೂರು ಕೊಡೋದು ನಿಮ್ಮ ಹಕ್ಕು, ಮಠವೂ ನಿಮ್ಮ ಜೋಡಿ ಬರ್ತದ. ಮೊದಲು ಅವನನ್ನ ಕೇಳ್ರಿ” ಎಂದೆ. ಅವರು ತಲೆ ಆಡಿಸಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಕ್ರೈಸ್ತನಾಗುವುದು ಎಂದರೇನು?

ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಮತಾಂತರವೆಂದರೆ ಒಂದು ಚಿತ್ರವಿದೆ: ಯಾರೋ ಒಬ್ಬರು ಅಕ್ಕಿ ಚೀಲವನ್ನೋ ಶಾಲೆಯ ಸೀಟನ್ನೋ ಕೊಡುತ್ತಾರೆ, ತಲೆಯ ಮೇಲೆ ನೀರು ಹಾಕುತ್ತಾರೆ, ಕೆಲಸ ಮುಗಿಯಿತು. ಹೀಗೆ ನಡೆದಿರುವ ಕಡೆ ಅದು ಧರ್ಮವಲ್ಲ, ವ್ಯಾಪಾರ. ಅದನ್ನು ಖಂಡಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ಕ್ರೈಸ್ತ ಧರ್ಮ ತನ್ನನ್ನು ತಾನು ಹೇಗೆ ತಿಳಿದುಕೊಂಡಿದೆ ಎಂಬುದನ್ನು ಅದರ ಮಾತಿನಿಂದಲೇ ಅರಿಯುವುದು ನ್ಯಾಯ.

ಕಥೋಲಿಕ ಸಂಪ್ರದಾಯದಲ್ಲಿ ವಯಸ್ಕನೊಬ್ಬನು ಕ್ರೈಸ್ತನಾಗಲು ಒಂದು ದಿನ ಸಾಲದು. ಮೊದಲು ಅವನು ದೀಕ್ಷಾರ್ಥಿಯಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷವನ್ನೂ ಮೀರಿ ಉಪದೇಶ ಪಡೆಯುತ್ತಾನೆ. ಅವನ ಜೊತೆಗೆ ಸಾಕ್ಷಿಯಾಗಿ ಒಬ್ಬ ಜ್ಞಾನಪಿತ ಇರುತ್ತಾನೆ. ಈಸ್ಟರ್ ಹಬ್ಬದ ಮೊದಲಿನ ನಾಲ್ವತ್ತು ದಿನಗಳ ತಪಸ್ಸುಕಾಲದಲ್ಲಿ ಕೊನೆಯ ಸಿದ್ಧತೆ ನಡೆಯುತ್ತದೆ. ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯಲ್ಲಿ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಎಂಬ ಮೂರು ಸಂಸ್ಕಾರಗಳು ಆಗುತ್ತವೆ. ವಯಸ್ಕನ ಸ್ವಂತ ಇಚ್ಛೆ ಮತ್ತು ಸಾಕಷ್ಟು ತಿಳಿವಳಿಕೆ ಇಲ್ಲದೆ ಜ್ಞಾನಸ್ನಾನ ಕೊಡಬಾರದೆಂದು ಅವರ ಧರ್ಮಸಂಹಿತೆಯೇ ಹೇಳುತ್ತದೆ. ಬಲವಂತದಿಂದಾಗಲಿ, ಸಲ್ಲದ ಉಪಾಯಗಳಿಂದಾಗಲಿ ಯಾರನ್ನೂ ನಂಬಿಕೆಗೆ ಎಳೆಯಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೫ರಲ್ಲಿ ಸ್ಪಷ್ಟಪಡಿಸಿದೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಕ್ರಮ ಬೇರೆ. ಅಲ್ಲಿ ಬೈಬಲ್ ಓದು, ಸಭೆಯ ಎದುರು ನಂಬಿಕೆಯ ಅರಿಕೆ, ದೀಕ್ಷಾಸ್ನಾನ ಮುಖ್ಯ. ಈಚಿನ ವರ್ಷಗಳಲ್ಲಿ ಕಾಣುವ ಸ್ವತಂತ್ರ ಪ್ರಾರ್ಥನಾ ಮಂದಿರಗಳಲ್ಲಿ ರೋಗಶಾಂತಿಯ ಪ್ರಾರ್ಥನೆಯೇ ಹಲವರಿಗೆ ಬಾಗಿಲು. ಪ್ರಾರ್ಥನೆಯ ಹೆಸರಿನಲ್ಲಿ ಔಷಧ ಬಿಡಿಸುವವರು ಅಲ್ಲಿದ್ದರೆ ಅದನ್ನು ಎಲ್ಲರೂ ವಿರೋಧಿಸಬೇಕು. ಆ ಎಚ್ಚರ ನಮ್ಮ ಅಂಗಾರ, ತಾಯತಗಳಿಗೂ ಅನ್ವಯಿಸಬೇಕು.

ಇದನ್ನು ಓದುವಾಗ ಲಿಂಗಾಯತನಾದವನಿಗೆ ತನ್ನ ಮನೆಯ ಮಾತು ನೆನಪಾಗಬೇಕು. ಬಸವಾದಿ ಶರಣರ ಪ್ರಕಾರ ಯಾರೂ ಹುಟ್ಟಿನಿಂದ ಲಿಂಗಾಯತರಲ್ಲ. ಗುರು ಕರುಣಿಸಿದ ದೀಕ್ಷೆಯಿಂದ ಭವಿ ಭಕ್ತನಾಗುತ್ತಾನೆ. ಹನ್ನೆರಡನೆಯ ಶತಮಾನದಲ್ಲಿ ಚಮ್ಮಾರ, ಅಂಬಿಗ, ಮಡಿವಾಳ, ಬ್ರಾಹ್ಮಣ ಎಲ್ಲರೂ ಹಿಂದಿನ ಕುಲವನ್ನು ಬಿಟ್ಟು ಈ ಅಂಗಳಕ್ಕೆ ಬಂದದ್ದು ದೀಕ್ಷೆಯ ಬಾಗಿಲಿನಿಂದ. ಅಂದಿನವರು ಅದನ್ನೂ ಕೆಡುಕೆಂದೇ ಕಂಡರು. ಹರಳಯ್ಯ ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣ ಯಾವ ಬೆಲೆ ಕೊಟ್ಟಿತು ಎಂಬುದನ್ನು ನಾವು ಪ್ರತಿ ಬಸವ ಜಯಂತಿಯಲ್ಲಿ ಹೇಳುತ್ತೇವೆ. ಹೊಸ ದಾರಿಯನ್ನು ಆರಿಸಿಕೊಂಡ ಮನುಷ್ಯನ ಪಾಡು ಏನೆಂದು ನಮ್ಮಷ್ಟು ಬಲ್ಲವರು ಯಾರು?

ಈ ನೆಲದಲ್ಲಿ ಎರಡು ಶತಮಾನ

ಬೆಳಗಾವಿಗೆ ಕ್ರೈಸ್ತರು ನಿನ್ನೆ ಬಂದವರಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಇಲ್ಲಿಗೆ ಬಂದು ಕೆಲಸ ಆರಂಭಿಸಿದ್ದು ೧೮೨೦ರಲ್ಲಿ. ಆ ಮಿಷನ್ ೧೮೩೨ರಲ್ಲಿ ತೆರೆದ ಶಾಲೆ ಇಂದಿನ ಬೆನನ್ ಸ್ಮಿತ್ ಶಾಲೆಯ ಮೂಲ. ೧೯೦೪ರಲ್ಲಿ ಆ ಮಿಷನ್ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಕ್ಯಾಂಪಿನ ಸೇಂಟ್ ಮೇರಿಸ್ ಚರ್ಚ್ ೧೮೬೯ರದು. ಗೋವೆಯಿಂದ ಘಟ್ಟ ಹತ್ತಿ ಬಂದು ನೆಲೆಸಿದ ಕೊಂಕಣಿ ಕಥೋಲಿಕರು ಖಾನಾಪುರದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಬೇಸಾಯ ಮಾಡಿಕೊಂಡಿದ್ದಾರೆ. ೧೯೫೩ರಲ್ಲಿ ಬೆಳಗಾವಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಈ ವಿಧೇಯಕದ ವಿರುದ್ಧ ದನಿಯೆತ್ತಿದ ಬೆಂಗಳೂರಿನ ಮಹಾಧರ್ಮಾಧ್ಯಕ್ಷ ಪೀಟರ್ ಮಚಾಡೊ ಅವರು ಅದಕ್ಕೆ ಮೊದಲು ೨೦೦೬ರಿಂದ ೨೦೧೮ರವರೆಗೆ ನಮ್ಮ ಬೆಳಗಾವಿಯಲ್ಲಿಯೇ ಧರ್ಮಾಧ್ಯಕ್ಷರಾಗಿದ್ದರು.

ಎರಡು ಶತಮಾನಗಳ ಈ ಕೆಲಸದ ಫಲ ಎಷ್ಟು? ೨೦೦೧ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇಕಡಾ ೧.೯೧, ೨೦೧೧ರಲ್ಲಿ ೧.೮೭. ನಾವೆಲ್ಲ ಮುಳುಗಿಹೋಗುತ್ತೇವೆ ಎಂದು ಹೆದರಿಸುವವರು ಈ ಎರಡು ಅಂಕಿಗಳನ್ನು ಹೇಳುವುದಿಲ್ಲ.

ಲಿಂಗಾಯತರ ಮಟ್ಟಿಗೆ ಈ ಇತಿಹಾಸದಲ್ಲಿ ಒಂದು ಪಾಠವಿದೆ. ೧೮೪೦ರ ಸುಮಾರಿಗೆ ಹುಬ್ಬಳ್ಳಿ ಧಾರವಾಡಗಳಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಕಾಲಜ್ಞಾನವನ್ನು ನಂಬಿದ ಲಿಂಗಾಯತರ ಒಂದು ಗುಂಪಿನ ಪರಿಚಯವಾಯಿತು. ಸಾವಿರಾರು ಜನ ಒಮ್ಮೆಗೇ ತಮ್ಮ ಕಡೆ ಬರುವರೆಂದು ಅವರು ನಂಬಿದರು. ಬರುವವರಿಗಾಗಿ ಗದಗ ಸಮೀಪದ ಮಲ್ಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನೂ ಕಟ್ಟಿದರು. ನಿರೀಕ್ಷಿಸಿದ ಜನ ಬರಲಿಲ್ಲ, ವಸಾಹತು ಉಳಿಯಲಿಲ್ಲ. ಅಲ್ಲಿ ನೆಲವೂ ಇತ್ತು, ಆಶ್ರಯವೂ ಇತ್ತು, ಅಂದಿನ ಆಡಳಿತ ಬಿಳಿಯರದೇ ಆಗಿತ್ತು. ಆದರೂ ಜನ ಹೋಗಲಿಲ್ಲ. ಆಮಿಷವೊಂದರಿಂದಲೇ ಒಂದು ಸಮಾಜ ಧರ್ಮ ಬಿಡುತ್ತದೆ ಎಂಬ ಮಾತಿಗೆ ಮಲ್ಲಸಮುದ್ರವೇ ಉತ್ತರ.

ಹೋದವರು ಒಬ್ಬೊಬ್ಬರಾಗಿ ಹೋದರು. ಅಂಥ ಒಂದು ಮನೆತನದಿಂದ ಬಂದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರ ಪೂರ್ವಜರು ಲಿಂಗಾಯತರು. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿ ಬಾಳಿದರು. ಜನರ ಬಾಯಲ್ಲಿ, ಓಲೆಗರಿಗಳಲ್ಲಿ ಹರಿದುಹಂಚಿದ್ದ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಸಿದ್ಧರಾಮ, ಮೋಳಿಗೆ ಮಾರಯ್ಯ, ಆದಯ್ಯ ಮುಂತಾದ ಶರಣರ ಸಾಹಿತ್ಯದ ಸಂಪಾದನೆಯಲ್ಲಿ ದುಡಿದರು. ಅನುಭವ ಮಂಟಪವೆಂಬುದು ಇತ್ತೇ ಇಲ್ಲವೇ ಎಂಬ ವಾದ ಎದ್ದಾಗ ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಪುಸ್ತಕ ಬರೆದವರೂ ಇವರೇ. ೧೯೪೯ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿ ಗೌರವಿಸಿತು.

ಚನ್ನಪ್ಪನವರು ತಮ್ಮ ಹೆಸರನ್ನು ಬಿಡಲಿಲ್ಲ, ಊರಿನ ಹೆಸರನ್ನು ಬಿಡಲಿಲ್ಲ, ಶರಣರ ಮೇಲಿನ ಪ್ರೀತಿಯನ್ನೂ ಬಿಡಲಿಲ್ಲ. ಕ್ರಿಸ್ತನನ್ನೂ ಬಿಡಲಿಲ್ಲ. ಅವರನ್ನು ಯಾವ ಕಾಲಮ್ಮಿನಲ್ಲಿ ಬರೆಯೋಣ? ಅನುಭವ ಮಂಟಪದ ಪರವಾಗಿ ಲೇಖನಿ ಹಿಡಿದ ಈ ಕ್ರೈಸ್ತನನ್ನು ‘ಹೊರಗಿನವನು’ ಎನ್ನಲು ನಮ್ಮಲ್ಲಿ ಯಾರಿಗೆ ಬಾಯಿ ಬಂದೀತು?

ಇನ್ನೊಂದು ಸಂಗತಿ ನಮ್ಮ ಜಿಲ್ಲೆಯದೇ. ಗೋವೆಯ ಜೆಸ್ವಿಟ್ ಗುರುಗಳು ದೇಶನೂರಿನಲ್ಲಿ ‘ವಿರಕ್ತ ಮಠ’ ಎಂಬ ಹೆಸರಿನಲ್ಲಿಯೇ ಒಂದು ಆಶ್ರಮ ಕಟ್ಟಿದರು. ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ಲಿಂಗಾಯತ ಸ್ವಾಮಿಗಳ ರೀತಿಯಲ್ಲಿ ಬಾಳಿದರು. ೨೦೧೯ರಲ್ಲಿ ಬೆಳಗಾವಿಯ ಧರ್ಮಾಧ್ಯಕ್ಷ ಡೆರೆಕ್ ಫರ್ನಾಂಡಿಸ್ ಅವರು ಅಲ್ಲಿ ಕಾವಿ ತೊಟ್ಟು, ಹಣೆಗೆ ತಿಲಕವಿಟ್ಟು ಪೂಜೆ ಅರ್ಪಿಸಿದ ಚಿತ್ರ ಹರಿದಾಡಿದಾಗ ಎರಡೂ ಕಡೆಯವರು ಸಿಟ್ಟಾದರು. ಇದು ಹಿಂದೂಗಳನ್ನು ಸೆಳೆಯುವ ವೇಷ ಎಂದರು ಕೆಲವರು. ಇದು ಕ್ರೈಸ್ತ ಧರ್ಮವೇ ಅಲ್ಲ ಎಂದರು ಅವರದೇ ಜನ ಕೆಲವರು. ಲಾಂಛನದ ವಿಷಯದಲ್ಲಿ ನಮಗೂ ಒಂದು ಮಾತಿದೆ. ಕಾವಿಗೆ, ಮಠವೆಂಬ ಹೆಸರಿಗೆ ಒಂದು ಪರಂಪರೆಯ ಭಾರವಿದೆ. ಅದನ್ನು ಎರವಲು ಪಡೆದವರು ನೋಡುವವರಿಗೆ ಗೊಂದಲವಾಗದಂತೆ ತಾವು ಯಾರೆಂದು ಮೊದಲೇ ಹೇಳಬೇಕು. ಹಾಗೆ ಹೇಳಿ, ಸರಳವಾಗಿ ಬಾಳಿ, ಊರಿನ ಮಕ್ಕಳಿಗೆ ಅಕ್ಷರ ಕಲಿಸುವವರೊಂದಿಗೆ ನಮಗೆ ಜಗಳವಿರಬೇಕಿಲ್ಲ.

ಬಾಳಿನ ಬೆಲೆ

ದೀಕ್ಷೆ ಒಂದು ರಾತ್ರಿಯದು. ಮರುದಿನದಿಂದ ಬಾಳಬೇಕು. ಭಾನುವಾರದ ಆರಾಧನೆ, ದಿನದ ಪ್ರಾರ್ಥನೆ, ಏಕಪತ್ನೀವ್ರತ, ವೈರಿಯನ್ನೂ ಕ್ಷಮಿಸಬೇಕೆಂಬ ಕಟ್ಟಳೆ, ಕೆಲವು ಸಭೆಗಳಲ್ಲಿ ಗಳಿಕೆಯ ದಶಾಂಶ: ಇವು ಅವರ ಆಚಾರಗಳು. ಕೆಲವು ಸಭೆಗಳಲ್ಲಿ ಹೆಂಗಸರು ಕುಂಕುಮ ಬಿಡುತ್ತಾರೆ, ಕೆಲವದರಲ್ಲಿ ಬಿಡುವುದಿಲ್ಲ. ಕ್ರಿಸ್ತನನ್ನು ಬಾಯಲ್ಲಿ ಹೇಳಿ ನಡೆಯಲ್ಲಿ ಮರೆಯುವವರು ಅವರಲ್ಲಿಯೂ ಇದ್ದಾರೆ. ಬಸವಣ್ಣನವರ ಚಿತ್ರವನ್ನು ಗೋಡೆಗೆ ಹಾಕಿ ಜಾತಿ ಕೇಳುವವರು ನಮ್ಮಲ್ಲಿ ಇರುವಂತೆ.

ಕಾನೂನಿನ ಲೆಕ್ಕದಲ್ಲಿಯೂ ಬೆಲೆ ತೆರಬೇಕು. ಮದುವೆ, ವಾರಸಾ ವಿಷಯಗಳಲ್ಲಿ ಲಿಂಗಾಯತರು ಹಿಂದೂ ಕಾನೂನಿಗೆ ಒಳಪಟ್ಟವರು. ಹಿಂದೂ ವಿವಾಹ ಕಾಯಿದೆಯಲ್ಲಿ ಲಿಂಗಾಯತರ ಹೆಸರೇ ಬರೆದಿದೆ. ಗಂಡನೋ ಹೆಂಡತಿಯೋ ಬೇರೆ ಧರ್ಮಕ್ಕೆ ಹೋದರೆ ಅದು ವಿಚ್ಛೇದನಕ್ಕೆ ಕಾರಣವಾಗಬಹುದು. ಮತಾಂತರವಾದವನು ತಂದೆಯ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ಆದರೆ ಅವನಿಗೆ ಆಮೇಲೆ ಹುಟ್ಟಿದ ಮಕ್ಕಳು ಕ್ರೈಸ್ತರಾಗಿಯೇ ಉಳಿದರೆ ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗಲಾರರು. ಪರಿಶಿಷ್ಟ ಜಾತಿಯವರ ನಷ್ಟ ಇನ್ನೂ ದೊಡ್ಡದು. ೧೯೫೦ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಆ ಸ್ಥಾನ. ದಲಿತನೊಬ್ಬ ಕ್ರೈಸ್ತನಾದ ದಿನವೇ ಮೀಸಲಾತಿ ಹೋಗುತ್ತದೆ, ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಮಾತ್ರ ಜಾಗ ಸಿಗುತ್ತದೆ. ಪಂಗಡಗಳಿಗೆ ಈ ನಿರ್ಬಂಧವಿಲ್ಲ. ೨೦೨೦ರ ತಿದ್ದುಪಡಿಯಿಂದ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳೂ ಪರಿಶಿಷ್ಟ ಪಂಗಡಕ್ಕೆ ಸೇರಿದ್ದಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಸಿದ್ದಿಗಳಲ್ಲಿದ್ದಾರೆ. ಖಾನಾಪುರದ ಕಾಡಂಚಿನ ಸಿದ್ದಿಗೆ ಚರ್ಚಿಗೆ ಹೋದರೂ ಪಂಗಡದ ಸ್ಥಾನ ಉಳಿಯುತ್ತದೆ, ಪಕ್ಕದ ಕೇರಿಯ ದಲಿತನಿಗೆ ಉಳಿಯುವುದಿಲ್ಲ. ಇಷ್ಟನ್ನು ಕಳೆದುಕೊಂಡೂ ಕೇರಿಯ ಜನ ಹೋಗುತ್ತಿದ್ದರೆ ಅವರನ್ನು ಆಮಿಷಕ್ಕೆ ಬಿದ್ದವರೆಂದು ಹೀಗಳೆಯುವುದು ಸುಲಭವಲ್ಲ.

‘ಲಿಂಗಾಯತ ಕ್ರಿಶ್ಚಿಯನ್’ ಎಂಬ ಜೋಡು ಹೆಸರಿನ ಗುಟ್ಟೂ ಇಲ್ಲಿಯೇ ಇದೆ. ಕ್ರೈಸ್ತ ಧರ್ಮದಲ್ಲಿ ಜಾತಿಯಿಲ್ಲ, ಶರಣ ಧರ್ಮದಲ್ಲಿಯೂ ಇಲ್ಲ. ಎರಡೂ ಕಡೆ ಜಾತಿ ಬೆನ್ನು ಬಿಟ್ಟಿಲ್ಲ. ಮದುವೆಯ ಸಂಬಂಧ ನೋಡುವಾಗ ಚರ್ಚಿನಲ್ಲಿಯೂ ಹಳೆಯ ಕುಲ ಕೇಳುವವರಿದ್ದಾರೆ. ಒಂದು ಧರ್ಮಕ್ಕೆ ಇನ್ನೊಂದು ಧರ್ಮದ ಹೆಸರನ್ನು ಜಾತಿಯಾಗಿ ಅಂಟಿಸುವುದು ತಪ್ಪೆಂಬುದು ನನ್ನ ಅಭಿಪ್ರಾಯ. ಲಿಂಗಾಯತವು ಜಾತಿಯಲ್ಲ, ಧರ್ಮ ಎಂದು ೨೦೧೭ರ ಆಗಸ್ಟ್ ೨೨ರಂದು ಇದೇ ಬೆಳಗಾವಿಯಲ್ಲಿ ಸಾಗರದಂತೆ ಸೇರಿ ಸಾರಿದವರು ನಾವು. ನಮ್ಮ ಧರ್ಮದ ಹೆಸರನ್ನು ನಾವೇ ಹೇಳಿಕೊಳ್ಳುವ ಹಕ್ಕು ಬೇಕೆಂದು ಸರ್ಕಾರಗಳ ಬಾಗಿಲು ತಟ್ಟಿದವರು ನಾವು. ಅದೇ ಹಕ್ಕನ್ನು ಇನ್ನೊಬ್ಬನಿಗೆ ಬೇಡವೆನ್ನಲು ನಮಗೆ ಬಾರದು.

ಒಂದು ಸಂಜೆ

ಸುಮಾರು ಒಂದು ತಿಂಗಳ ಮೇಲೆ ಆ ಹುಡುಗ ತಾಯಿಯೊಂದಿಗೆ ಮಠಕ್ಕೆ ಬಂದ. ತಂದೆ ಬಂದಿರಲಿಲ್ಲ. ಪೂಜ್ಯರಿಗೆ ನಮಸ್ಕರಿಸುವಾಗ ಒಂದು ಕ್ಷಣ ಅನುಮಾನಿಸಿದ, ಆಮೇಲೆ ಕೈಮುಗಿದ. ಪೂಜ್ಯರು ಅವನನ್ನು ಹತ್ತಿರ ಕೂರಿಸಿಕೊಂಡು ಉದ್ಯೋಗ, ಊಟ, ಆರೋಗ್ಯ ವಿಚಾರಿಸಿದರು. ಧರ್ಮದ ಮಾತು ಅವನೇ ಎತ್ತಿದ.

ಬೆಳಗಾವಿಗೆ ಬಂದ ಮೇಲೆ ಅವನಿಗೆ ಕುಡಿತದ ಚಟ ಹತ್ತಿತ್ತಂತೆ. ಎರಡು ಸಲ ಕೆಲಸ ಹೋಯಿತು. ಬಾಡಿಗೆಯ ಕೋಣೆಯ ಪಕ್ಕದಲ್ಲಿದ್ದ ಒಂದು ಕ್ರೈಸ್ತ ಕುಟುಂಬದವರು ಒಂದು ವರ್ಷ ಸಂಜೆ ಸಂಜೆ ಬಂದು ಕುಳಿತರು. ಊಟ ತಂದರು. ವೈದ್ಯರ ಬಳಿಗೆ ಕರೆದುಕೊಂಡು ಹೋದರು. ಅವರು ಮತದ ಮಾತನ್ನೇ ಆಡಲಿಲ್ಲ, ಅವರ ಮನೆಯ ಪ್ರಾರ್ಥನೆಗೆ ತಾನಾಗಿಯೇ ಹೋದೆ ಎಂದ. “ರೊಕ್ಕ ಕೊಟ್ಟಾರೇನು?” ಎಂದು ನಾನು ಕೇಳಿದೆ. ಕೇಳಬಾರದಿತ್ತೇನೋ, ಆದರೂ ಅವನ ತಂದೆಯ ಪರವಾಗಿ ಕೇಳಬೇಕಿತ್ತು. “ಇಲ್ರೀ ಸರ. ನಾನs ಅವರಿಗೆ ಕೊಡೋದೈತಿ” ಎಂದ.

ಪೂಜ್ಯರು ಕೇಳಿದ್ದು ಬೇರೆ. “ಲಿಂಗಪೂಜೆ ಬಿಟ್ಟು ಎಷ್ಟು ದಿನ ಆಗಿತ್ತಪ್ಪ?” ಅವನು ತಲೆ ತಗ್ಗಿಸಿದ. “ಸಣ್ಣಾಂವ ಇದ್ದಾಗ ದೀಕ್ಷಾ ಕೊಟ್ರಿ ಬುದ್ಧಿ. ಆಮ್ಯಾಲ ಯಾರೂ ಹೆಂಗ ಮಾಡಬೇಕಂತ ಹೇಳಿಕೊಡಲಿಲ್ಲ. ಜಾತ್ರಿಗೆ ಬರ್ತಿದ್ದೆ, ಪ್ರಸಾದ ಮಾಡ್ತಿದ್ದೆ, ಹೋಗ್ತಿದ್ದೆ.”

ಆ ಮಾತು ಹೇಳುವಾಗ ಅವನ ದನಿಯಲ್ಲಿ ದೂರು ಇರಲಿಲ್ಲ. ಆದ್ದರಿಂದಲೇ ಅದು ನಮಗೆ ಹೆಚ್ಚು ತಾಗಿತು. ಆ ಹಳ್ಳಿಯ ದೀಕ್ಷಾ ಕಾರ್ಯಕ್ರಮದ ಪಟ್ಟಿ ನಮ್ಮ ಕಚೇರಿಯಲ್ಲಿಯೇ ಇದೆ. ಎಷ್ಟು ಮಕ್ಕಳಿಗೆ ದೀಕ್ಷೆಯಾಯಿತು ಎಂಬ ಲೆಕ್ಕ ಅದರಲ್ಲಿದೆ. ಆಮೇಲೆ ಎಷ್ಟು ಮಕ್ಕಳನ್ನು ಯಾರಾದರೂ ಹೋಗಿ ಕಂಡರು ಎಂಬ ಲೆಕ್ಕ ಇಲ್ಲ. ಪಟ್ಟಿಯನ್ನು ಬರೆದವನು ನಾನೇ.

ಹೊರಡುವ ಮೊದಲು ಅವನು ಜೇಬಿನಿಂದ ಬಿಳಿ ಬಟ್ಟೆಯ ಒಂದು ಗಂಟು ತೆಗೆದು ಪೂಜ್ಯರ ಎದುರು ಇಟ್ಟ. “ಇದನ್ನ ಬೀದಿಗೆ ಹಾಕಾಕ ಮನಸ್ಸು ಬರಲಿಲ್ಲ. ಅದಕ್ಕs ಜಗಲಿ ಮ್ಯಾಲ ಇಟ್ಟಿದ್ದೆ. ಇಲ್ಲಿ ಇರಲಿ” ಎಂದ. ಪೂಜ್ಯರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. “ನಿನ್ನ ಹೆಸರಿನಲ್ಲಿ ಇಲ್ಲಿ ಇರ್ತದ. ನೀನು ಹಿಡಿದ ದಾರಿಯಲ್ಲಿ ನೆಟ್ಟಗೆ ನಡಿ. ಕುಡಿಬ್ಯಾಡ. ತಾಯಿನ್ನ ನೋಡಿಕೋ. ಹಬ್ಬಕ್ಕೆ ಬಾ, ಪ್ರಸಾದಕ್ಕೆ ಬಾ” ಎಂದರು. ತಾಯಿ ಅಳುತ್ತಿದ್ದರು. ಅದು ನೆಮ್ಮದಿಯೋ ದುಃಖವೋ ನಾನು ಹೇಳಲಾರೆ. ಮಗನ ಕೊರಳು ಬರಿದಾಗಿದೆ ಎಂಬ ನೋವು ಅವರಿಗೆ ಹೋಗಿಲ್ಲ, ಹೋಗಬೇಕೆಂದು ಹೇಳಲು ನಾವು ಯಾರೂ ಅಲ್ಲ.

ಭಕ್ತರಲ್ಲಿ ಅರಿಕೆ

ಈ ಪ್ರಸಂಗದ ನಂತರ ಪೂಜ್ಯರ ಅಪ್ಪಣೆಯಂತೆ ಶ್ರೀಮಠ ಕೆಲವು ನಿರ್ಧಾರಗಳನ್ನು ಮಾಡಿದೆ. ದೀಕ್ಷೆ ಪಡೆದ ಪ್ರತಿ ಮಗುವಿಗೂ ಒಂದು ವರ್ಷ ವಾರಕ್ಕೊಮ್ಮೆ ಇಷ್ಟಲಿಂಗ ಪೂಜೆ ಮತ್ತು ವಚನಗಳ ಪಾಠ ನಡೆಯುವುದು. ಉದ್ಯೋಗಕ್ಕೆಂದು ಬೆಳಗಾವಿಗೆ ಬಂದ ನಮ್ಮ ಹಳ್ಳಿಗಳ ತರುಣರ ವಿಳಾಸಗಳನ್ನು ಆಯಾ ಊರಿನ ಭಕ್ತರು ಕಚೇರಿಗೆ ತಲುಪಿಸಬೇಕು. ತಿಂಗಳಿಗೊಮ್ಮೆ ಅವರನ್ನು ಕಂಡು ಬರಲು ಇಬ್ಬರು ಸಾಧಕರು ಒಪ್ಪಿದ್ದಾರೆ, ಇನ್ನೂ ಹಲವರು ಬೇಕು. ಕುಡಿತ, ಸಾಲ, ಕಾಯಿಲೆಗಳಲ್ಲಿ ಸಿಲುಕಿದವರ ಸುದ್ದಿಯನ್ನು ಮುಚ್ಚಿಡದೆ ತಿಳಿಸಬೇಕು. ದಾಸೋಹವೆಂದರೆ ಮಠಕ್ಕೆ ಬಂದವರಿಗೆ ಉಣಬಡಿಸುವುದಷ್ಟೇ ಆಗಬಾರದು, ಬರಲಾರದವನ ಕೋಣೆಗೂ ಅದು ಹೋಗಬೇಕು.

ಇನ್ನು ಬೇರೆ ದಾರಿ ಹಿಡಿದವರ ವಿಷಯ. ವಂಚನೆ, ಬೆದರಿಕೆ ನಡೆದಿದ್ದರೆ ಕಾನೂನಿದೆ, ಮಠವೂ ಜೊತೆಗಿರುತ್ತದೆ. ಹಾಗಿಲ್ಲದ ಕಡೆ ಬಹಿಷ್ಕಾರ, ಪ್ರಾರ್ಥನೆಯ ಮನೆಗೆ ಬೀಗ ಹಾಕುವುದು, ಬಾವಿ ಕಿರಾಣಿಗಳನ್ನು ಬಂದ್ ಮಾಡುವುದು ಇಂಥವಕ್ಕೆ ಶ್ರೀಮಠದ ಹೆಸರನ್ನು ಯಾರೂ ಬಳಸಬಾರದು. ೨೦೨೧ರ ಚಳಿಗಾಲದಲ್ಲಿ ಅಧಿವೇಶನ ಆರಂಭವಾಗುವ ಮೊದಲೇ ಬೆಳಗಾವಿಯಲ್ಲಿಯೇ ಚರ್ಚಿನ ಆವರಣದಲ್ಲಿ ಪಾದ್ರಿಯೊಬ್ಬರ ಮೇಲೆ ಕತ್ತಿ ಬೀಸಲು ಬಂದ ಘಟನೆ ನಡೆಯಿತು. ಅಂಥ ಕತ್ತಿಗೆ ಶರಣರ ಹೆಸರು ಸೇರಬಾರದು. ಸತ್ತವರನ್ನು ಮಣ್ಣಿಗೆ ಒಪ್ಪಿಸುವುದು ನಮ್ಮ ಪದ್ಧತಿ, ಅವರದೂ ಹೌದು. ಹೆಣ ಹೊತ್ತು ನಿಂತ ಮನೆಯವರಿಗೆ ನೆಲದ ತಕರಾರು ತೆಗೆಯುವಷ್ಟು ನಾವು ಬಡವರಾಗುವುದು ಬೇಡ.

ಆ ತಂದೆ ಇನ್ನೂ ಮಗನೊಂದಿಗೆ ಮಾತಾಡಿಲ್ಲ. ಆದರೆ ಮೊನ್ನೆ ಮಠಕ್ಕೆ ಬಂದಾಗ ದೂರಿನ ಪತ್ರವನ್ನು ಕೇಳಲಿಲ್ಲ. ಪೂಜಾಗೃಹದ ಕಪಾಟಿನ ಎದುರು ನಿಂತು ಆ ಬಿಳಿ ಗಂಟನ್ನು ಸ್ವಲ್ಪ ಹೊತ್ತು ನೋಡಿ, ಕೈಮುಗಿದು, ಪ್ರಸಾದ ಮುಗಿಸಿ, ಸಂಜೆಯ ಖಾನಾಪುರ ಬಸ್ಸಿಗೆ ಹೋದರು.



ಕಾರ್ಯದರ್ಶಿ, ಶ್ರೀಮಠ